ಕಲ್ಲು ಹಾಕುವ ಕಾಲ, ಮೊಟ್ಟೆಯಿಡುವ ಕಾಲ

ಪಾನಕದ ಬಂಡಿಗಳ ಜಾತ್ರೆಗೆ ಹೆಸರಾದ ಅಂತರಘಟ್ಟೆಯಲ್ಲಿ ಬಿದ್ದ ಮಳೆ ಪೂರ್ವಕ್ಕೆ ಹರಿದು, ಕೃಷ್ಣೆಯನ್ನು ಕೂಡಿಕೊಂಡು ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅದೇ ಚಿಕ್ಕಮಗಳೂರು ಜಿಲ್ಲೆಯ ಪಡುವಣ ಅಂಚಿನಲ್ಲಿ, ಕುದುರೆಮುಖದ ಸೆರಗಿನಲ್ಲಿ ಬಿದ್ದ ಮಳೆ ನೇತ್ರಾವತಿಯಾಗಿ ಘಟ್ಟ ಇಳಿದು ಮಂಗಳೂರಿನ ಬಳಿ ಅರಬ್ಬಿ ಸಮುದ್ರ ಸೇರುತ್ತದೆ. ನೀರಿನ ಜೊತೆ ಘಟ್ಟದ ಕಲ್ಲು ಸವೆದು ಆದ ಮರಳೂ ಇಳಿಯುತ್ತದೆ. ಅಕ್ಕಪಕ್ಕದ ಕಡಲತೀರಗಳಿಗೆ ಮರಳು ಒದಗುವುದು ಹೀಗೆ. ಹೊಳೆಯಿಂದ ಲಾರಿಗೆ ತುಂಬಿದ್ದು, ಅಣೆಕಟ್ಟಿನ ಹಿಂದೆ ಹೂಳಾಗಿ ಕೂತದ್ದು ತೀರಕ್ಕೆ ಬರುವುದಿಲ್ಲ. ಆದ್ದರಿಂದ ಕಡಲ್ಕೊರೆತದ ವಿಚಾರಣೆ ಕಡಲಿನಿಂದಲೇ ಶುರುವಾಗಬೇಕಿಲ್ಲ.

ತೀರದ ಮರಳು ಕೂತಲ್ಲಿ ಕೂರುವುದೂ ಇಲ್ಲ. ಮಳೆಗಾಲದ ಎತ್ತರದ ಅಲೆಗಳು ಅದನ್ನು ಎಳೆದು, ದಡದಿಂದ ತುಸು ದೂರ, ನೀರೊಳಗೆ ದಿಬ್ಬವಾಗಿ ಒಟ್ಟುತ್ತವೆ. ಸೆಪ್ಟೆಂಬರ್ ಕಳೆದ ಮೇಲೆ ತಗ್ಗಿದ ಅಲೆಗಳು ಮೆಲ್ಲಗೆ ವಾಪಸ್ ತರುತ್ತವೆ. ಜುಲೈಯಲ್ಲಿ ನೋಡಿ ತೀರ ಹೋಯಿತು ಎನ್ನುವುದು, ಜನವರಿಯಲ್ಲಿ ನೋಡಿ ಏನೂ ಆಗಿಲ್ಲ ಎನ್ನುವುದು, ಎರಡೂ ಅವಸರದ ಮಾತು. ಇದರ ಮೇಲೆ, ಓರೆಯಾಗಿ ಬಡಿಯುವ ಅಲೆಗಳಿಂದಾಗಿ ಮರಳು ದಡದ ಉದ್ದಕ್ಕೂ ಸಾಗುತ್ತಿರುತ್ತದೆ. ಈ ಸಾಗಾಟಕ್ಕೆ ಅಡ್ಡ ಏನು ಬಂದರೂ ಒಂದು ಮಗ್ಗುಲಲ್ಲಿ ಮರಳು ಕೂಡುತ್ತದೆ, ಇನ್ನೊಂದು ಬರಿದಾಗುತ್ತದೆ. ನೇತ್ರಾವತಿ, ಗುರುಪುರ ನದಿಗಳ ಅಳಿವೆ ಬಾಗಿಲು ಹೂಳದಿರಲೆಂದು 1990ರ ದಶಕದಲ್ಲಿ ಬೆಂಗ್ರೆ ಮತ್ತು ಉಳ್ಳಾಲ ಎರಡೂ ಬದಿಗೆ ಬ್ರೇಕ್‌ವಾಟರ್ ಕಟ್ಟಿದರು. ಮೀನುಗಾರರ ದೋಣಿಗೆ ದಾರಿಯಾಯಿತು. ಬೆಂಗ್ರೆ ಕಡೆ ಮರಳು ಬೆಳೆಯಿತು. ಉಳ್ಳಾಲದ ಕಡೆ ಮನೆ, ತೆಂಗು, ರಸ್ತೆ ನೀರಿಗೆ ಹೋದವು.

ಆಗ ಬಂದದ್ದು ಕಲ್ಲು. ಮಳೆಗಾಲದ ತುರ್ತಿಗೆ ಲಾರಿಯಿಂದ ಸುರಿದ ಬಂಡೆಗಳು ಮುಂದಿನ ಮಳೆಗಾಲಕ್ಕೆ ಕಾಣೆಯಾಗುವುದನ್ನು ಕರಾವಳಿಯವರು ಬೇಕಾದಷ್ಟು ಕಂಡಿದ್ದಾರೆ. ದುಡ್ಡು ನುಂಗಿದರು ಎಂಬ ಅನುಮಾನ ಹುಟ್ಟುವುದೂ ಸಹಜ. ಕಲ್ಲು ಮಾತ್ರ ನಿಜಕ್ಕೂ ಹೋಗಿರುತ್ತದೆ, ಕೆಳಕ್ಕೆ. ಗೋಡೆಗೆ ಬಡಿದ ಅಲೆ ಹಿಂದಿರುಗುವಾಗ ಬುಡದ ಮರಳನ್ನು ಕೆರೆದೊಯ್ಯುತ್ತದೆ. ಕಲ್ಲುಗಳ ಸಂದಿನಿಂದ ಗೋಡೆಯ ಹಿಂದಿನ ಮರಳೂ ಸೋರುತ್ತದೆ. ಬುಡ ಪೊಳ್ಳಾದ ಮೇಲೆ ಬಂಡೆ ಕುಸಿದು ಹೂತುಹೋಗುತ್ತದೆ.

ಇನ್ನು ಬಂಡೆಯ ತೂಕ. ಅಲೆಯ ಎತ್ತರಕ್ಕೆ ತಕ್ಕ ಕಲ್ಲಿನ ತೂಕ ಹೇಳುವ ಸೂತ್ರವೊಂದನ್ನು ಅಮೆರಿಕದ ಎಂಜಿನಿಯರ್ ಹಡ್ಸನ್ 1950ರ ದಶಕದಲ್ಲಿ ಕೊಟ್ಟರು, ಇಂದಿಗೂ ಬಳಕೆಯಲ್ಲಿದೆ. ಅದರ ಪ್ರಕಾರ ತೂಕ ಏರುವುದು ಅಲೆಯ ಎತ್ತರದ ಘನಕ್ಕೆ ಅನುಗುಣವಾಗಿ. ಒಂದು ಅಡಿ ಏರಿಗೆ ಎರಡು ಅಡಿ ಓಟವಿರುವ ಇಳಿಜಾರಿನಲ್ಲಿ 2 ಮೀಟರ್ ಅಲೆಗೆ ಸುಮಾರು 1.3 ಟನ್ನಿನ ಕಗ್ಗಲ್ಲು ಸಾಕಾದರೆ, 3 ಮೀಟರ್ ಅಲೆಗೆ ಸುಮಾರು 4.5 ಟನ್ ಬೇಕು. ಅಲೆ ಇಮ್ಮಡಿಯಾದರೆ ಕಲ್ಲು ಎಂಟು ಪಟ್ಟು! ಸಣ್ಣ ಕಲ್ಲು ಎಷ್ಟು ಲೋಡ್ ಹಾಕಿದರೂ ದೊಡ್ಡ ಕಲ್ಲಿನ ಕೆಲಸ ಮಾಡದು.

ಹಾಗಾಗಿ ರಿಪೇರಿಯೆಂದರೆ ಕುಸಿದ ಗೋಡೆಯ ತಲೆಯ ಮೇಲೆ ಹೊಸ ಕಲ್ಲು ಪೇರಿಸುವುದಲ್ಲ. ಹಳೆಯದನ್ನು ಬಿಚ್ಚಬೇಕು, ಬುಡವನ್ನು ಆಳಕ್ಕೆ ಇಳಿಸಬೇಕು, ಮರಳು ಸೋರದೆ ನೀರು ಮಾತ್ರ ಹೋಗುವಂಥ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ಮೇಲೆ ಸಣ್ಣ ಕಲ್ಲಿನ ಪದರ, ಕೊನೆಗೆ ಒಂದಕ್ಕೊಂದು ಕಚ್ಚಿಕೊಳ್ಳುವಂತೆ ದೊಡ್ಡ ಬಂಡೆ. ಇಷ್ಟಾದರೂ ಗೋಡೆಯ ತುದಿ ಎಲ್ಲಿ ಮುಗಿಯುತ್ತದೋ ಅದರಾಚೆ ಕೊರೆತ ಜೋರಾಗುವುದು ತಪ್ಪದು. ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ 2010ರಲ್ಲಿ ಒಪ್ಪಿದ ಸಾಲದ ಯೋಜನೆಯಲ್ಲಿ ಉಳ್ಳಾಲಕ್ಕೆ ಬೇರೆ ದಾರಿ ಹಿಡಿದರು: ದಡದಿಂದಾಚೆ ನೀರೊಳಗೆ ರೀಫ್ ಕಟ್ಟಿ ಅಲೆಯನ್ನು ದೂರದಲ್ಲೇ ಮುರಿಯುವುದು, ದಡದ ಬಳಿ ಬರ್ಮ್ ಎಂಬ ಒಡ್ಡುಗಳನ್ನು ಹಾಕುವುದು. ಕರ್ನಾಟಕದ ಮುಂದಿನ ಹಂತಕ್ಕೆ 2017ರಲ್ಲಿ 6.55 ಕೋಟಿ ಡಾಲರ್ ಸಾಲಕ್ಕೆ ಸಹಿ ಬಿತ್ತು. ಈಚಿನ ಮಳೆಗಾಲಗಳಲ್ಲಿ ಕೊರೆತದ ಸುದ್ದಿ ಬರುತ್ತಿರುವುದು ಇನ್ನೂ ದಕ್ಷಿಣದ ಉಚ್ಚಿಲ, ಬಟ್ಟಪ್ಪಾಡಿಯಿಂದ. ಅಲ್ಲಿಂದ ಮುಂದೆ ತಲಪಾಡಿ, ಆಮೇಲೆ ಕೇರಳದ ಮಂಜೇಶ್ವರ. ಮರಳಿಗೆ ರಾಜ್ಯದ ಗಡಿ ಗೊತ್ತಿಲ್ಲ, ಟೆಂಡರಿಗೆ ಗೊತ್ತು.

ಇದೇ ತೀರಕ್ಕೆ ಇನ್ನೊಬ್ಬ ಹಕ್ಕುದಾರಳಿದ್ದಾಳೆ. ಮಂಗಳೂರಿನ ಉತ್ತರಕ್ಕೆ, ನಂದಿನಿ ಮತ್ತು ಶಾಂಭವಿ ನದಿಗಳು ಸೇರುವ ಸಸಿಹಿತ್ಲು ಕೊರೆತಕ್ಕೂ ಹೆಸರುವಾಸಿ. ಅಲ್ಲಿ 2024ರ ಆರಂಭದಲ್ಲಿ ಆಲಿವ್ ರಿಡ್ಲೆ ಕಡಲಾಮೆ ಮೊಟ್ಟೆಯಿಟ್ಟ ಗೂಡುಗಳು ಸಿಕ್ಕವು. ಅರಣ್ಯ ಇಲಾಖೆ ಕಾವಲು ಹಾಕಿತು. ಹೊನ್ನಾವರದ ಕಾಸರಕೋಡಿನಲ್ಲಂತೂ ಆಮೆ ಬರುವುದು ಹಳೆಯ ವಾಡಿಕೆ. 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಈ ಆಮೆಗೆ ರಕ್ಷಣೆಯಿದೆ. ಆಮೆ ಮೊಟ್ಟೆಯಿಡುವ ತಾಣಗಳನ್ನೂ ಮರಳು ದಿಬ್ಬಗಳನ್ನೂ ಕರಾವಳಿ ನಿಯಂತ್ರಣ ವಲಯದ ನಿಯಮಗಳು ಅತಿಸೂಕ್ಷ್ಮ ವರ್ಗಕ್ಕೆ ಸೇರಿಸಿವೆ. ಕೊರೆತ ತಡೆಯುವ ಕಾಮಗಾರಿಗೆ ಆ ನಿಯಮಗಳಲ್ಲಿ ಅವಕಾಶವುಂಟು.

ತೊಡಕಿರುವುದು ಕ್ಯಾಲೆಂಡರಿನಲ್ಲಿ. ಕಡಲು ಶಾಂತವಾಗಿ ಜೆಸಿಬಿ ಇಳಿಸಲು ಆಗುವುದು ಮಳೆಗಾಲ ಮುಗಿದ ಮೇಲೆ. ಆಮೆ ದಡಕ್ಕೆ ಬರುವುದೂ ಆಗಲೇ, ಹೆಚ್ಚಾಗಿ ನವೆಂಬರಿನಿಂದ ಮಾರ್ಚ್‌ವರೆಗೆ. ರಾತ್ರಿ ತೆವಳಿ ಬಂದ ತಾಯಿಗೆ ಕಲ್ಲಿನ ಗೋಡೆ ಎದುರಾದರೆ ಅವಳು ಮೊಟ್ಟೆಯಿಡದೆ ಹಿಂದಿರುಗುತ್ತಾಳೆ, ಇಲ್ಲವೇ ಭರತದ ನೀರು ಮುಟ್ಟುವಲ್ಲೇ ಮೊಟ್ಟೆ ಹೂತಿಟ್ಟು ಹೋಗುತ್ತಾಳೆ. ಆ ಮೊಟ್ಟೆಗಳು ಕೊಳೆಯುತ್ತವೆ. ಯಂತ್ರದ ಚಕ್ರ ಒತ್ತಿ ಗಟ್ಟಿಯಾದ ಮರಳನ್ನು ಮರಿಗಳು ಬಗೆದು ಬರಲಾರವು. ಬಂದರೂ ಕಾಮಗಾರಿಯ ಫ್ಲಡ್‌ಲೈಟಿನ ಕಡೆಗೆ ಓಡುತ್ತವೆ, ಬೆಳಕಿರುವುದೇ ಕಡಲು ಎಂದು.

ಈ ತೊಡಕು ಬಿಡಿಸಲು ಅಪರೂಪದ ತಂತ್ರಜ್ಞಾನ ಬೇಡ. ಟೆಂಡರ್ ಮಳೆಗಾಲದಲ್ಲೇ ಮುಗಿಸಿ ಅಕ್ಟೋಬರಿನಲ್ಲಿ ಕೆಲಸ ಹಿಡಿದರೆ ದಡದ ಭಾರಿ ಅಗೆತವನ್ನು ಬೇಗ ಮುಗಿಸಬಹುದು. ಆಮೇಲೆ ಕತ್ತಲಾಗುವ ಮೊದಲು ಯಂತ್ರ ನಿಲ್ಲಬೇಕು. ಬೆಳಗ್ಗೆ ಕೆಲಸಕ್ಕೆ ಮುಂಚೆ ಊರಿನ ಮೀನುಗಾರರೊಬ್ಬರು ದಡ ನಡೆದು ಆಮೆಯ ಜಾಡು ನೋಡಬೇಕು. ಗಾಡಿಗಳಿಗೆ ಒಂದೇ ದಾರಿ, ಅದೂ ಅಡುಂಬು ಬಳ್ಳಿ ಹಬ್ಬಿದ ದಿಬ್ಬ ತಪ್ಪಿಸಿ. ಗಾಳಿಯಲ್ಲಿ ಹಾರುವ ಮರಳನ್ನು ಹಿಡಿದಿಡುವುದು ಆ ಬಳ್ಳಿಯೇ. ಗೂಡು ಸಿಕ್ಕರೆ ಬೇಲಿ ಹಾಕಿ, ಮರಿ ಹೊರಡುವ 45ರಿಂದ 60 ದಿನ ಆ ಪಾಲಿನ ಕೆಲಸ ಬಿಟ್ಟು ಮುಂದಿನ ಪಾಲಿಗೆ ಹೋಗಲು ಗುತ್ತಿಗೆದಾರನಿಗೆ ಕರಾರಿನಲ್ಲೇ ಅವಕಾಶವಿರಬೇಕು, ತಡವಾಯಿತೆಂದು ದಂಡ ಬೀಳದಂತೆ.