ಹರಕೆಯ ಹಾದಿಯಲ್ಲಿ ಮೊದಲ ಮೂರು ದಿನ

ಆಗಸ್ಟ್ ತಿಂಗಳು ಬಂದಿತೆಂದರೆ ನಮ್ಮ ಕಥೋಲಿಕ ಕುಟುಂಬಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಕೇಳಿಬರುತ್ತದೆ: "ಈ ಸಲ ನಿಮ್ಮ ಮನೆಯಿಂದ ಯಾರು ನಡೆಯುತ್ತಾರೆ?" ಎಲ್ಲಿಗೆಂದು ಯಾರೂ ವಿಚಾರಿಸುವುದಿಲ್ಲ. ಆಗಸ್ಟ್ 29ರ ಧ್ವಜಾರೋಹಣಕ್ಕೋ, ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನವರ ಜನ್ಮೋತ್ಸವಕ್ಕೋ ವೇಲಾಂಕಣಿಯ ಆರೋಗ್ಯ ಮಾತೆಯ ಸನ್ನಿಧಿಗೆ ಎಂಬುದು ಎಲ್ಲರಿಗೂ ತಿಳಿದದ್ದೇ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳ ಭಕ್ತರು ಕಾವಿಬಟ್ಟೆ ಧರಿಸಿ, ಬೆನ್ನಿಗೆ ಚೀಲವೇರಿಸಿ, ಜಪಸರ ಹಿಡಿದು ಹೊರಡುವ ನೋಟ ನಮಗೆ ಹೊಸದಲ್ಲ. ಶಿವರಾತ್ರಿಗೆ ಮುನ್ನ ಇದೇ ಬಡಾವಣೆಗಳ ಹಿಂದೂ ಬಾಂಧವರು ಧರ್ಮಸ್ಥಳದತ್ತ ನಡೆಯುವುದನ್ನೂ ನಾವು ಕಂಡಿದ್ದೇವೆ. ಕಾಲ್ನಡಿಗೆಯ ಹರಕೆ ಈ ನಾಡಿನ ಸಮಾನ ಸಂಪತ್ತು.

1962ರಲ್ಲಿ ಜಗದ್ಗುರು ಇಪ್ಪತ್ತಮೂರನೆಯ ಜಾನರು ಕಿರಿಯ ಬೆಸಿಲಿಕದ ಪದವಿಗೇರಿಸಿದ ಈ ಪುಣ್ಯಕ್ಷೇತ್ರ ಬೆಂಗಳೂರಿಗೆ ಸುಮಾರು 400 ಕಿಲೋಮೀಟರು ದೂರ. ಹಿಡಿದ ಹಾದಿಯನ್ನನುಸರಿಸಿ ಇನ್ನೂ ಹೆಚ್ಚು. ದಿನಕ್ಕೆ 30 ಕಿಲೋಮೀಟರಿನಂತೆ ನಡೆದರೂ ಎರಡು ವಾರದ ಮಾತು. ಆದರೆ ಯಾತ್ರೆಯ ಹಣೆಬರಹ ಬಹುಮಟ್ಟಿಗೆ ಮೊದಲ ಮೂರು ದಿನಗಳಲ್ಲಿಯೇ ನಿಶ್ಚಯವಾಗುತ್ತದೆ. ಆದಕಾರಣ ಆ ದಿನಗಳನ್ನು ಕುರಿತು ಎರಡು ಮಾತು ಹೇಳುವುದು ಉಚಿತವೆಂದು ನಮಗೆ ತೋರಿದೆ.

ದೇಹ ಹೇಳುವ ಪಾಠ

ಮೊದಲ ದಿನ ಉತ್ಸಾಹವೇ ಕಾಲಾಗಿರುತ್ತದೆ. ಹಾಡು, ಪ್ರಾರ್ಥನೆಗಳೊಡನೆ ಹೊಸೂರು ರಸ್ತೆ ಹಿಡಿದು ಚಂದಾಪುರದ ಆಸುಪಾಸು ತಲಪುವವರೆಗೆ ಆಯಾಸ ಕಾಣಿಸದು. ಎರಡನೆಯ ಬೆಳಿಗ್ಗೆ ಅತ್ತಿಬೆಲೆಯ ಗಡಿ ದಾಟುವ ಹೊತ್ತಿಗೆ ಮೀನಖಂಡಗಳು ಮರಗಟ್ಟಿರುತ್ತವೆ. ಬೆವರು, ಶಾಖ, ಉಜ್ಜಾಟ ಮೂರೂ ಕೂಡಿ ಹಿಮ್ಮಡಿಯಲ್ಲಿ ಬೊಬ್ಬೆಯೇಳುತ್ತದೆ. ಮೂರನೆಯ ದಿನ ಹೊಸೂರು ಹಿಂದೆ ಬಿದ್ದು ಶೂಲಗಿರಿ ಸಮೀಪಿಸುತ್ತದೆ. ಅಲ್ಲಿಂದ ಮುಂದೆ ಕೃಷ್ಣಗಿರಿಯ ಕಡೆಗೆ ನೆಲ ಇಳಿಜಾರು. ನಾವು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ತಂಪಿನಲ್ಲಿ ಬಾಳುವವರು. ಇಳಿದಂತೆಲ್ಲ ಸೆಕೆ ಏರುತ್ತದೆ. ಇಳಿಜಾರು ಸುಲಭವೆಂದು ಭಾವಿಸುವುದು ಭ್ರಮೆ. ಮೊಣಕಾಲಿಗೂ ಕಾಲ್ಬೆರಳ ಉಗುರಿಗೂ ಏರಿಗಿಂತ ಇಳಿಜಾರೇ ಕಠಿಣ.

ಇದು ನಮ್ಮ ಹಾದಿಗೆ ಮಾತ್ರ ಸೀಮಿತವಾದ ಅನುಭವವಲ್ಲ. ಸ್ಪೇನಿನಲ್ಲಿರುವ ಪ್ರೇಷಿತ ಸಂತ ಯಕೋಬರ ಸಮಾಧಿಗೆ ಫ್ರಾನ್ಸಿನ ಗಡಿಯಿಂದ ಹೊರಡುವ ಯಾತ್ರಿಕರು ಸುಮಾರು 780 ಕಿಲೋಮೀಟರು ನಡೆಯುತ್ತಾರೆ; ಅವರಿಗೆ ಮೊದಲ ದಿನವೇ ಪಿರನೀಸ್ ಪರ್ವತದ ಏರು ಎದುರಾಗುತ್ತದೆ. ಅಮೆರಿಕದ ಅಪಲೇಷಿಯನ್ ಹಾದಿ 3,500 ಕಿಲೋಮೀಟರು. ಅಲ್ಲಿ ಹೊರಟ 50 ಕಿಲೋಮೀಟರಿನೊಳಗೆ ಸಿಗುವ ಒಂದು ಅಂಗಡಿಯಲ್ಲಿ ಅನೇಕರು ಚೀಲ ಬಿಚ್ಚಿ, ಹೊತ್ತು ತಂದ ಅನವಶ್ಯಕ ಸಾಮಾನುಗಳನ್ನು ಮನೆಗೆ ಹಿಂದಿರುಗಿಸುತ್ತಾರೆ. ಪೂರ್ತಿ ನಡೆಯಲು ಹೊರಟವರಲ್ಲಿ ಗುರಿ ಮುಟ್ಟುವವರು ಸುಮಾರು ನಾಲ್ವರಲ್ಲಿ ಒಬ್ಬರು.

ಹನ್ನೆರಡು ಮಂದಿ ಪ್ರೇಷಿತರನ್ನು ಕಳುಹಿಸುವಾಗ ಯೇಸುಸ್ವಾಮಿ ಕೋಲು, ಪಾದರಕ್ಷೆಗಳ ಹೊರತು ಬುತ್ತಿಯನ್ನಾಗಲಿ ಜೋಳಿಗೆಯನ್ನಾಗಲಿ ಒಯ್ಯಬಾರದೆಂದು ವಿಧಿಸಿದ ವಿಚಾರವನ್ನು ಸಂತ ಮಾರ್ಕನ ಶುಭಸಂದೇಶದಲ್ಲಿ ಓದುತ್ತೇವೆ. ಭಾರ ಹೆಚ್ಚಿದಂತೆಲ್ಲ ಮನಸ್ಸು ದಾರಿಯನ್ನು ಬಿಟ್ಟು ಚೀಲದ ಕಡೆಗೇ ಹರಿಯುತ್ತದೆಂಬ ಸತ್ಯ ಅದರಲ್ಲಡಗಿದೆ. ಅನುಭವಿಗಳ ಲೆಕ್ಕವೂ ಅದೇ: ಚೀಲದ ತೂಕ ದೇಹದ ತೂಕದ ಹತ್ತನೆಯ ಒಂದು ಭಾಗವನ್ನು ಮೀರಬಾರದು.

ಹರಕೆ ಯಾರದು?

ಮೂರನೆಯ ದಿನದ ಸಂಜೆ ಪಾದ ಊದಿಕೊಂಡಾಗ ಏಳುವ ಪ್ರಶ್ನೆ ದೇಹದ್ದಲ್ಲ, ಮನಸ್ಸಾಕ್ಷಿಯದು. "ಹಿಂದಿರುಗಿದರೆ ಮಾತೆ ಮುನಿಯುವರೇ? ಬಸ್ಸು ಹತ್ತಿದರೆ ಹರಕೆ ಮುರಿಯಿತೇ? ಊರಿನವರು ಏನೆನ್ನುವರು?" ಈ ಭಯದಿಂದಲೇ ಸಕ್ಕರೆ ಕಾಯಿಲೆಯುಳ್ಳವರು ಕಾಲಿನ ಗಾಯವನ್ನು ಮುಚ್ಚಿಟ್ಟು ನಡೆಯುತ್ತಾರೆ, ಹಿಂದುಳಿದವರು ಗುಂಪನ್ನು ಸೇರಿಕೊಳ್ಳಲು ಕತ್ತಲಲ್ಲಿ ಹೆದ್ದಾರಿಯ ಅಂಚಿನಲ್ಲಿ ಒಬ್ಬಂಟಿಯಾಗಿ ಧಾವಿಸುತ್ತಾರೆ. ಇಲ್ಲಿ ಪ್ರಾಣವೇ ಪಣವಾಗುತ್ತದೆ.

ಧರ್ಮಸಭೆಯ ಬೋಧನೆ ಇಷ್ಟು ಕಠೋರವಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1191ನೆಯ ವಿಧಿಯ ಪ್ರಕಾರ, ಸಾಧ್ಯವಾದ ಹಾಗೂ ಶ್ರೇಷ್ಠತರವಾದ ಒಳಿತನ್ನು ಕುರಿತು ದೇವರಿಗೆ ವಿವೇಚನೆಯಿಂದ, ಸ್ವತಂತ್ರವಾಗಿ ಕೊಟ್ಟ ಮಾತೇ ಹರಕೆ. ಭಯದಿಂದ ಹೊತ್ತದ್ದಕ್ಕೂ ದೇಹಕ್ಕೆ ಅಸಾಧ್ಯವಾದದ್ದಕ್ಕೂ ಈ ಲಕ್ಷಣ ಹೊಂದದು. 1193ನೆಯ ವಿಧಿ ಹೇಳುವಂತೆ ಹರಕೆ ಹೊತ್ತವರನ್ನು ಮಾತ್ರ ಕಟ್ಟುತ್ತದೆ. ಮಗನಿಗೆ ಕೆಲಸ ಸಿಕ್ಕರೆ ಅವನನ್ನು ನಡೆಸುತ್ತೇನೆಂದು ತಾಯಿ ಬೇಡಿಕೊಂಡಿದ್ದರೆ, ಮಗ ಪ್ರೀತಿಯಿಂದ ನಡೆಯಬಹುದು, ಆದರೆ ಅವನ ಮೇಲೆ ಋಣವಿಲ್ಲ. ಇನ್ನು 1196 ಮತ್ತು 1197ನೆಯ ವಿಧಿಗಳ ಮೇರೆಗೆ ನ್ಯಾಯವಾದ ಕಾರಣವಿದ್ದಲ್ಲಿ ಧರ್ಮಕೇಂದ್ರದ ಗುರುಗಳೇ ಖಾಸಗಿ ಹರಕೆಯಿಂದ ವಿನಾಯಿತಿ ಕೊಡಬಹುದು, ಅಥವಾ ಅದನ್ನು ಇನ್ನೊಂದು ಸತ್ಕಾರ್ಯಕ್ಕೆ ಮಾರ್ಪಡಿಸಬಹುದು. ಈ ಅಧಿಕಾರ ದಾರಿಯಲ್ಲಿ ತಂಗಿದ ಪರಸ್ಥಳದ ಯಾತ್ರಿಕರಿಗೂ ಅನ್ವಯಿಸುತ್ತದೆ. ನೋವಾದಾಗ ದಾರಿಯ ಯಾವುದೇ ಚರ್ಚಿನ ಬಾಗಿಲು ತಟ್ಟಿ ಗುರುಗಳೊಡನೆ ಮಾತನಾಡಲು ಸಂಕೋಚಪಡಬೇಕಾಗಿಲ್ಲ.

ಮಾನವನನ್ನು ದಾರಿಯಲ್ಲಿರುವವನೆಂದು ಕರೆದ ಸಂತ ಥಾಮಸ್ ಅಕ್ವಿನಾಸರೇ 1274ರಲ್ಲಿ ಲಿಯೋನಿನ ಮಹಾಸಭೆಗೆ ಹೊರಟು, ದಾರಿಯಲ್ಲಿ ಅಸ್ವಸ್ಥರಾಗಿ, ಮಾರ್ಚ್ 7ರಂದು ಫೊಸ್ಸನೋವಾದ ಮಠದಲ್ಲಿ ಕಣ್ಮುಚ್ಚಿದರು. ಅವರು ಸಭೆಯನ್ನು ತಲಪಲಿಲ್ಲ. ಅವರ ಯಾತ್ರೆ ವಿಫಲವಾಯಿತೆಂದು ಯಾರೂ ಹೇಳಲಾರರು.

ಹೊರಡುವ ಮುನ್ನ

ನಡೆಯಲಿರುವವರು ಕನಿಷ್ಠ ಒಂದು ತಿಂಗಳು ಮೊದಲೇ ಪ್ರತಿದಿನ ನಡೆದು ಅಭ್ಯಾಸ ಮಾಡಲಿ. ಪಾದರಕ್ಷೆ ಹಳೆಯದಾಗಿದ್ದರೂ ಕಾಲಿಗೆ ಒಗ್ಗಿರಲಿ, ಹೊಚ್ಚಹೊಸದು ಬೇಡ. ಉಗುರು ಕತ್ತರಿಸಿರಲಿ, ಕಾಲುಚೀಲ ಒಣಗಿರಲಿ. ಬೊಬ್ಬೆಯ ಚರ್ಮವನ್ನು ಕಿತ್ತು ಹಾಕಬಾರದು. ಶುಚಿಮಾಡಿ ಪಟ್ಟಿ ಕಟ್ಟಬೇಕು. ಒಂದು ಲೀಟರು ಶುದ್ಧ ನೀರಿಗೆ ಆರು ಮಟ್ಟ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದರೆ ಬೆವರಿ ಬಳಲಿದವರಿಗೆ ಆಧಾರ. ಸಕ್ಕರೆ ಕಾಯಿಲೆಯವರಾದರೋ ವೈದ್ಯರನ್ನು ಕೇಳದೆ ಹೊರಡಲೇಬಾರದು. ಸ್ಪರ್ಶಜ್ಞಾನ ಕುಂದಿದ ಪಾದಕ್ಕೆ ಗಾಯವಾದದ್ದೇ ತಿಳಿಯದು. ಸರ್ವಿಸ್ ರಸ್ತೆಯಿರುವಲ್ಲಿ ಅದನ್ನೇ ಹಿಡಿಯಿರಿ. ಒಂಟಿ ರಸ್ತೆಯಲ್ಲಿ ಎದುರು ವಾಹನ ಕಾಣುವಂತೆ ಬಲಬದಿಯಲ್ಲಿ ನಡೆಯಿರಿ. ಕತ್ತಲಾದ ಮೇಲೆ ನಡಿಗೆ ಬೇಡ.

ಗುಂಪಿನ ನಾಯಕರಲ್ಲಿ ನಮ್ಮದೊಂದು ಕೋರಿಕೆ. ಗುಂಪಿನ ವೇಗವನ್ನು ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ನಿರ್ಧರಿಸಲಿ. ಎಮ್ಮಾವು ಊರಿನ ಹಾದಿಯಲ್ಲಿ ಪುನರುತ್ಥಾನಗೊಂಡ ಪ್ರಭು ಎದೆಗುಂದಿದ ಇಬ್ಬರು ಶಿಷ್ಯರ ಜೊತೆಯಲ್ಲಿಯೇ ಹೆಜ್ಜೆ ಹಾಕಿದರು. ಮನೆಯಲ್ಲಿರುವವರಿಗೂ ಒಂದು ಕರ್ತವ್ಯವುಂಟು: ಮೂರನೆಯ ದಿನ ಫೋನು ಮಾಡಿದಾಗ "ಎಷ್ಟು ದೂರ ಹೋದೆ?" ಎಂದು ಕೇಳುವ ಮುನ್ನ "ಕಾಲು ಹೇಗಿದೆ?" ಎಂದು ವಿಚಾರಿಸಿರಿ. ಹಿಂದಿರುಗಿ ಬಂದವರಿಗೂ ವೇಲಾಂಕಣಿ ತಲಪಿದವರಿಗೂ ಒಂದೇ ಪ್ರೀತಿಯಿಂದ ಬಾಗಿಲು ತೆರೆಯಿರಿ. ಆರೋಗ್ಯ ಮಾತೆ ಯಾತ್ರಿಕರೆಲ್ಲರನ್ನೂ ಕಾಪಾಡಲಿ.