ಟೀಪಾಯಿಯೊಳಗೊಂದು ಪುಟ್ಟ ಕೆರೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಮನೆಗಳಲ್ಲಿ ಅಟ್ಟದ ಮೇಲೆ ಕೊಬ್ಬರಿ, ನಡುಮನೆಯಲ್ಲಿ ಟೀಪಾಯಿ ಇರುವುದು ಸಾಮಾನ್ಯ. ಟೀಪಾಯಿಯ ಮೇಲೆ ದಿನಪತ್ರಿಕೆ, ಕಾಫಿ ಲೋಟ. ಅದರ ಗಾಜಿನ ಕೆಳಗೆ ಬಣ್ಣದ ಮೀನುಗಳು ಈಜಾಡುತ್ತಿದ್ದರೆ ಹೇಗಿರುತ್ತದೆ? ಬಡಗಿಯ ನೆರವಿದ್ದರೆ ರಜೆಯಲ್ಲಿ ಮಕ್ಕಳೂ ಹಿರಿಯರೂ ಸೇರಿ ಮಾಡಬಹುದಾದ ಕೆಲಸವಿದು. ಆದರೆ ಗರಗಸ ಹಿಡಿಯುವ ಮೊದಲು ಲೆಕ್ಕ ಹಾಕಬೇಕು. ಮೀನು ತರುವ ಮೊದಲು ಒಂದು ತಿಂಗಳಾದರೂ ಕಾಯಬೇಕು.

ಮೊದಲು ಲೆಕ್ಕ

90 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ಗಾಜಿನ ತೊಟ್ಟಿ ಎಂದುಕೊಳ್ಳೋಣ. 25 ಸೆಂ.ಮೀ. ಎತ್ತರಕ್ಕೆ ನೀರು ತುಂಬಿದರೆ 101 ಲೀಟರ್, ಅಂದರೆ 101 ಕಿಲೋ. 8 ಮಿ.ಮೀ. ದಪ್ಪದ ಗಾಜೇ ಸುಮಾರು 24 ಕಿಲೋ. ಮರಳು, ಮೇಲ್ಗಾಜು ಸೇರಿದರೆ ಭಾರ 150 ಕಿಲೋ ಮುಟ್ಟುತ್ತದೆ. ಮಾಮೂಲಿ ಟೀಪಾಯಿಯ ಸಣ್ಣ ಕಾಲುಗಳು ಇದನ್ನು ತಡೆಯವು.

ಇನ್ನು ಒತ್ತಡ. ನೀರಿನ ಒತ್ತಡ ಆಳದೊಂದಿಗೆ ಹೆಚ್ಚುತ್ತದೆ ಎಂದು ಪಾಠದಲ್ಲಿ ಓದಿದ್ದೇವೆ. ಈ ತೊಟ್ಟಿಯ ಉದ್ದನೆಯ ಗೋಡೆಯ ಮೇಲೆ ನೀರು ಹೊರಕ್ಕೆ ತಳ್ಳುವ ಬಲ ಸುಮಾರು 28 ಕಿಲೋ ಭಾರಕ್ಕೆ ಸಮ. ನೀರಿನ ಆಳ ಎರಡರಷ್ಟಾದರೆ ಈ ಬಲ ನಾಲ್ಕರಷ್ಟಾಗುತ್ತದೆ. ಟೀಪಾಯಿಗೆ ಆಳವಿಲ್ಲದ ಅಗಲ ತೊಟ್ಟಿಯೇ ಲೇಸು. ಗಾಳಿಗೆ ತೆರೆದ ನೀರಿನ ಮೈ ಹೆಚ್ಚಿರುವುದರಿಂದ ಕರೆಂಟು ಹೋದಾಗಲೂ ಮೀನುಗಳಿಗೆ ಅನುಕೂಲ.

ಮರ, ಗಾಜು, ವೈರು

ಚೌಕಟ್ಟಿಗೆ ಬಲಿತ ತೆಂಗಿನ ಮರ ಆಗುತ್ತದೆ. ಆದರೆ ತೆಂಗಿನಲ್ಲಿ ಗಟ್ಟಿ ಭಾಗ ಇರುವುದು ಹೊರಸುತ್ತಿನಲ್ಲಿ. ನಡುವಿನ ತಿರುಳು ಮೆದು. ಬುಡದ ಕಡೆಯ ಹೊರಭಾಗವನ್ನೇ ಕೊಯ್ಸಿ, ಚೆನ್ನಾಗಿ ಒಣಗಿಸಿ, ವಾರ್ನಿಷ್ ಬಳಿಯಬೇಕು. ಮೊದಲೇ ತೂತು ಕೊರೆದು ಸ್ಕ್ರೂ ಹಾಕಿದರೆ ಸೀಳು ಬಿಡದು. ರಸಮಟ್ಟ ಇಟ್ಟು ನೋಡಿ, ತೊಟ್ಟಿಯ ತಳಕ್ಕೆ ಥರ್ಮೊಕೋಲ್ ಹಾಳೆ ಹಾಸಬೇಕು.

ಗಾಜುಗಳನ್ನು ಅಕ್ವೇರಿಯಂಗೆಂದೇ ಬರುವ ಸಿಲಿಕೋನ್‌ನಿಂದ ಅಂಟಿಸಬೇಕು. ಬೂಷ್ಟು ತಡೆಯುವ ಔಷಧ ಬೆರೆತ ಬಚ್ಚಲುಮನೆಯ ಸಿಲಿಕೋನ್ ಮೀನಿಗೆ ವಿಷ. ಒಂದು ವಾರ ಒಣಗಿದ ಮೇಲೆ ಅಂಗಳದಲ್ಲಿ ನೀರು ತುಂಬಿಸಿ ಎರಡು ದಿನ ಸೋರಿಕೆ ನೋಡಬೇಕು. ಮೇಲ್ಗಾಜು ಟಫನ್ಡ್ ಆಗಿರಲಿ. ಅದರ ಭಾರವನ್ನು ಮರದ ಚೌಕಟ್ಟೇ ಹೊರಬೇಕು, ತೊಟ್ಟಿಯ ಅಂಚಲ್ಲ. ಗಾಳಿಯಾಡಲು, ಕೈಹಾಕಿ ಶುಚಿ ಮಾಡಲು ನಡುವೆ ತೆರಪಿರಬೇಕು.

ನೀರಿದ್ದಲ್ಲಿ ವಿದ್ಯುತ್ತಿನ ಭಯವಿರಲೇಬೇಕು. ಮನೆಗೆ ಇ.ಎಲ್.ಸಿ.ಬಿ. ಇರಲಿ. ವೈರು ಸಾಕೆಟ್ಟಿಗಿಂತ ಕೆಳಗೆ ಜೋತುಬಿದ್ದು ನಂತರ ಮೇಲೇರಬೇಕು. ಆಗ ವೈರಿನಗುಂಟ ಇಳಿದ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಪ್ಲಗ್ ಕೀಳದೆ ನೀರಿಗೆ ಕೈ ಹಾಕಬಾರದೆಂದು ಮಕ್ಕಳಿಗೆ ಮೊದಲೇ ಹೇಳಿಕೊಡಬೇಕು.

ಕಣ್ಣಿಗೆ ಕಾಣದ ಕೆಲಸಗಾರರು

ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್, ಮೀನು, ಜಲಸಸ್ಯ, ಬಸವನಹುಳು ಒಂದೇ ಪಾತ್ರೆಯಲ್ಲಿ ಒಂದಕ್ಕೊಂದು ಆಸರೆಯಾಗಿ ಬಾಳಬಲ್ಲವೆಂದು 1850ರಲ್ಲಿ ವಿವರಿಸಿದ. ಫಿಲಿಪ್ ಹೆನ್ರಿ ಗಾಸ್ 1854ರಲ್ಲಿ ಬರೆದ ಪುಸ್ತಕದಿಂದ ‘ಅಕ್ವೇರಿಯಂ’ ಎಂಬ ಹೆಸರು ಮನೆಮಾತಾಯಿತು. ಈ ಸಮತೋಲನದ ಹಿಂದೆ ಬ್ಯಾಕ್ಟೀರಿಯಾಗಳ ದುಡಿಮೆಯೂ ಇದೆ.

ಮೀನಿನ ಕಿವಿರು, ಮಲ, ಉಳಿದ ಆಹಾರ ಎಲ್ಲದರಿಂದಲೂ ಅಮೋನಿಯಾ ಸೇರುತ್ತದೆ. ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ಅದನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿಸುತ್ತದೆ. ಈ ಬ್ಯಾಕ್ಟೀರಿಯಾಗಳು ಸ್ಪಂಜು, ಮರಳಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಸ್ಪಂಜ್ ಫಿಲ್ಟರ್ ಓಡಿಸುತ್ತ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತಿರಬೇಕು. ಸೊಳ್ಳೆ ಮೊಟ್ಟೆಯಿಡದಂತೆ ಬಲೆ ಮುಚ್ಚಿರಬೇಕು. ಹೊಸ ತೊಟ್ಟಿಯ ಮೀನುಗಳು ಮೊದಲ ವಾರಗಳಲ್ಲೇ ಸತ್ತು ಮಕ್ಕಳು ಅಳುವಂತಾಗುವುದು ಬಹುಮಟ್ಟಿಗೆ ಈ ತಾಳ್ಮೆ ಇಲ್ಲದ್ದರಿಂದ.

ಸೋಪು ನೊರೆ ಬಾರದ ಗಡಸು ಬೋರ್‌ವೆಲ್ ನೀರಿಗೆ ಗಪ್ಪಿ, ಮಾಲಿ ಮೀನುಗಳು ಹೊಂದಿಕೊಳ್ಳುತ್ತವೆ. ಆರ್.ಓ. ನೀರೊಂದನ್ನೇ ತುಂಬಬಾರದು, ಅದರಲ್ಲಿ ಮೀನಿಗೆ ಬೇಕಾದ ಲವಣಗಳಿಲ್ಲ. ಕ್ಲೋರಿನ್ ಹಾಕಿದ ನಲ್ಲಿ ನೀರನ್ನು ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟು ಬಳಸಬೇಕು. ಇಷ್ಟು ನೀರಿಗೆ ಹತ್ತು ಹನ್ನೆರಡು ಗಪ್ಪಿ ಸಾಕು. ಕುದಿಸಿ ತೊಳೆದ ತೆಂಗಿನ ಚಿಪ್ಪು ಅವುಗಳಿಗೆ ಒಳ್ಳೆಯ ಅಡಗುತಾಣ. ಮೀನಿನ ಮೈಪಕ್ಕದ ಗೆರೆ ಅದುರನ್ನು ಗ್ರಹಿಸುವುದರಿಂದ ಲೋಟವನ್ನು ಗಾಜಿನ ಮೇಲೆ ಕುಕ್ಕಬಾರದು.

ಕೆರೆಗೆ ಬಿಡಬೇಡಿ

ಬೇಸರ ಬಂದಾಗ ಮೀನನ್ನು ಊರ ಕೆರೆಗೆ ಬಿಡುವುದು ಪುಣ್ಯದ ಕೆಲಸವೆಂದು ಕೆಲವರ ನಂಬಿಕೆ. ಗಾಜು ನೆಕ್ಕುವ ಸಕ್ಕರ್ ಮೀನು ದಕ್ಷಿಣ ಅಮೆರಿಕದ್ದು. ಅಡಿಗಿಂತ ಉದ್ದ ಬೆಳೆದು, ದಡದಲ್ಲಿ ಬಿಲ ತೋಡುತ್ತದೆ. ದೇಶದ ಹಲವು ಕೆರೆ ನದಿಗಳಲ್ಲಿ ಈಗಾಗಲೇ ಬೇರೂರಿದೆ. ಹೆಸರಿನಲ್ಲೇ ಕೆರೆ ಹೊತ್ತ ತುರುವೇಕೆರೆಯಂಥ ಸೀಮೆಗೆ ಇದು ತಕ್ಕದ್ದಲ್ಲ. ಬೇಡವಾದ ಮೀನನ್ನು ಅಂಗಡಿಗೋ ಸಾಕುವವರಿಗೋ ಕೊಡಬೇಕು.

ವಾರಕ್ಕೊಮ್ಮೆ ಕಾಲು ಭಾಗ, ಅಂದರೆ 25 ಲೀಟರ್ ನೀರು ಬದಲಿಸಬೇಕು. ತೆಗೆದ ನೀರನ್ನು ಚರಂಡಿಗೆ ಚೆಲ್ಲಬೇಕಿಲ್ಲ. ಅದರಲ್ಲಿರುವ ನೈಟ್ರೇಟ್ ಗಿಡಗಳಿಗೆ ಗೊಬ್ಬರ. ಹಿತ್ತಲಿನ ತೆಂಗಿನ ಪಾತಿಗೆ ಆ ಬಕೆಟ್ ಹೊತ್ತು ಸುರಿಯುವ ಕೆಲಸ ಮಕ್ಕಳದಾಗಲಿ.