ಕೋಯಿ ಮೀನಿನ ಕೊಳಕ್ಕೆ ಸೋಸು ತೊಟ್ಟಿ ಮತ್ತು ಬಸಿ ಕೊಳವೆ

ತೋಟದ ಮನೆಯ ಅಂಗಳದಲ್ಲಿ ಸಿಮೆಂಟು ಕೊಳ ಕಟ್ಟಿ ಬಣ್ಣದ ಕೋಯಿ ಮೀನು ಸಾಕಬೇಕೆನ್ನುವ ರೈತರು ಮೀನಿಗಿಂತ ಮೊದಲು ಕೊಳವೆಯ ವಿಚಾರ ಮಾಡುವುದು ಒಳ್ಳೆಯದು. ಕೋಯಿ ಬೇರೆ ಜಾತಿಯಲ್ಲ, ನಮ್ಮ ಕೆರೆಗಳಲ್ಲಿ ಬಿಡುವ ಸಾಮಾನ್ಯ ಗೆಂಡೆಯ ಬಣ್ಣದ ತಳಿ. ಜಪಾನಿನ ನೀಗಾಟ ಪ್ರಾಂತದ ಭತ್ತದ ರೈತರು ಆಹಾರಕ್ಕೆಂದು ಸಾಕಿದ್ದ ಗೆಂಡೆಗಳಲ್ಲಿ ಬಣ್ಣ ಬಂದವನ್ನು ಆರಿಸಿ, 19ನೇ ಶತಮಾನದಲ್ಲಿ ಇದನ್ನು ಬೆಳೆಸಿದರು. ಇದು ಹೆಚ್ಚು ತಿನ್ನುವ ಮೀನು. ಅಷ್ಟೇ ಹೆಚ್ಚು ಕೊಳೆಯನ್ನೂ ಮಾಡುತ್ತದೆ.

ಮೀನು ಕಿವಿರಿನ ಮೂಲಕ ಹೊರಬಿಡುವ ಅಮೋನಿಯ ಅದಕ್ಕೇ ವಿಷ. ನೀರು ಕ್ಷಾರವಾದಷ್ಟೂ ಈ ವಿಷ ತೀವ್ರ. ಹೊಲಕ್ಕೆ ಹಾಕಿದ ಯೂರಿಯವನ್ನು ಮಣ್ಣಿನ ಅಣುಜೀವಿಗಳು ನೈಟ್ರೇಟಾಗಿ ಮಾರ್ಪಡಿಸುವುದನ್ನು ನೀವು ಬಲ್ಲಿರಿ. ಸೋಸು ತೊಟ್ಟಿಯಲ್ಲಿಯೂ ಅಂಥವೇ ಅಣುಜೀವಿಗಳು ಅಮೋನಿಯವನ್ನು ಮೊದಲು ನೈಟ್ರೈಟಾಗಿ, ಬಳಿಕ ನೈಟ್ರೇಟಾಗಿ ಬದಲಿಸುತ್ತವೆ. ಅವಕ್ಕೆ ಪ್ರಾಣವಾಯು ತುಂಬಿದ ನೀರು ಹಗಲಿರುಳು ಹರಿದು ಬರಬೇಕು.

ಕೊಳೆ ತಳದಲ್ಲಿ ಕೂರುವುದರಿಂದ ನೀರನ್ನು ತಳದಿಂದಲೇ ತೆಗೆಯಬೇಕು. ನೆಲವನ್ನು ಎಲ್ಲ ಕಡೆಯಿಂದ ನಡುವಿಗೆ ಇಳಿಜಾರು ಮಾಡಿ, ಅಲ್ಲಿ 4 ಅಂಗುಲದ ಪಿ.ವಿ.ಸಿ. ಬಸಿ ಕೊಳವೆಯನ್ನು ಕಾಂಕ್ರೀಟು ಹಾಕುವ ಮೊದಲೇ ಕೂರಿಸಿರಿ. ನುಣುಪಾದ ಪಿ.ವಿ.ಸಿ. ಸಿಮೆಂಟಿಗೆ ಅಂಟದು, ಕಾಂಕ್ರೀಟಿನಲ್ಲಿ ಹೂಳುವ ಭಾಗಕ್ಕೆ ಕೊಳವೆ ಅಂಟು ಬಳಿದು ಮರಳು ಉದುರಿಸಿದರೆ ಹಿಡಿತ ಸಿಗುತ್ತದೆ. ತಿರುವಿನಲ್ಲಿ ಒಂದು ನೇರ ಬಾಗುವಿಗೆ ಬದಲು ಎರಡು ಅರ್ಧ ಬಾಗುಗಳನ್ನು ಹಾಕಿರಿ.

ಹಣ ಉಳಿಸಲು 2 ಅಂಗುಲದ ಕೊಳವೆ ಹಾಕಬೇಡಿ. 10 ಅಡಿ ಉದ್ದ, 10 ಅಡಿ ಅಗಲ, 4 ಅಡಿ ಆಳದ ಕೊಳದಲ್ಲಿ ಸುಮಾರು 11,300 ಲೀಟರ್ ನೀರಿರುತ್ತದೆ. ಅಷ್ಟೂ ನೀರು ಎರಡು ಗಂಟೆಗೊಮ್ಮೆ ಸೋಸಬೇಕಾದರೆ ಗಂಟೆಗೆ 5,600 ಲೀಟರಿನಷ್ಟು ಹರಿಯಬೇಕು. 4 ಅಂಗುಲದ ಕೊಳವೆಯಲ್ಲಿ ಇದು ಪಂಪಿನ ಎಳೆತವಿಲ್ಲದೆ, ಒಂದೆರಡು ಬೆರಳಿನಷ್ಟು ಮಟ್ಟದ ವ್ಯತ್ಯಾಸದಿಂದಲೇ ಹರಿಯುತ್ತದೆ. 2 ಅಂಗುಲದ ಕೊಳವೆಯ ಬಾಯಿ ಅದರ ಕಾಲು ಭಾಗ ಮಾತ್ರ.

ಬಸಿದ ನೀರು ಮೂರು ತೊಟ್ಟಿಗಳನ್ನು ಹಾಯಲಿ. ಮೊದಲನೆಯದು ಕೊಳೆ ತಂಗಲು; ಎರಡನೆಯದು ಅಣುಜೀವಿಗಳಿಗಾಗಿ, ಕೊಳವೆ ತುಂಡು ಅಥವಾ ಪ್ಲಾಸ್ಟಿಕ್ ಬಲೆ ತುಂಬಿದ್ದು; ಮೂರನೆಯದರಲ್ಲಿ ಪಂಪು. ಪಂಪು ಕೊನೆಯಲ್ಲಿರುವುದರಿಂದ ಹಿಕ್ಕೆಯನ್ನು ಅರೆದು ನೀರಿಗೆ ಬೆರೆಸುವುದಿಲ್ಲ.

ಇಲ್ಲಿ ಎರಡು ಎಚ್ಚರಿಕೆ ಅವಶ್ಯ. ಮೊದಲನೆಯದಾಗಿ, ತೊಟ್ಟಿಗಳ ಗೋಡೆ ಕೊಳದ ಗೋಡೆಯಷ್ಟೇ ಎತ್ತರವಿರಬೇಕು. ವಿದ್ಯುತ್ ಹೋದಾಗ ಎಲ್ಲ ತೊಟ್ಟಿಗಳ ನೀರೂ ಕೊಳದ ಮಟ್ಟಕ್ಕೆ ಏರುತ್ತದೆ. ಗೋಡೆ ತಗ್ಗಿದ್ದರೆ ರಾತ್ರಿ ಬೆಳಗಾಗುವುದರೊಳಗೆ ಕೊಳದ ನೀರು ಅಲ್ಲಿಂದ ಚೆಲ್ಲಿಹೋಗುತ್ತದೆ. ಎರಡನೆಯದಾಗಿ, ಪಂಪನ್ನು ತೊಟ್ಟಿಯ ತಳದಲ್ಲಿಡದೆ, ನೀರಿನ ಮಟ್ಟಕ್ಕಿಂತ ಒಂದಡಿ ಕೆಳಗೆ ಕಟ್ಟೆಯ ಮೇಲಿಡಿ. ನೀರು ಮರಳಿಸುವ ಕೊಳವೆ ಒಡೆದರೂ ಮೀನಿಗೆ ಮೂರಡಿ ನೀರು ಉಳಿಯುತ್ತದೆ.

ಪ್ರತಿ ತೊಟ್ಟಿಯ ತಳಕ್ಕೂ ವಾಲ್ವಿರುವ ಹೊರಕೊಳವೆ ಬೇಕು. ಅದು ಬೀಳುವ ಕಾಲುವೆ ತೊಟ್ಟಿಯ ತಳಕ್ಕಿಂತ ತಗ್ಗಿನಲ್ಲಿರಬೇಕಾದ್ದರಿಂದ ಕೊಳವನ್ನು ಇಳಿಜಾರಿನ ಮೇಲ್ಭಾಗದಲ್ಲಿ ಕಟ್ಟುವುದು ಲೇಸು. ಮೊದಲ ತೊಟ್ಟಿಯ ಕೊಳೆಯನ್ನು ದಿನಕ್ಕೊಮ್ಮೆ ಹೊರಬಿಡಿ. ಸಾರಜನಕವಿರುವ ಈ ನೀರನ್ನು ಹಳ್ಳಕ್ಕೆ ಹರಿಸದೆ ತೆಂಗು, ಬಾಳೆಗೆ ಹಾಯಿಸಿರಿ. ವಾರಕ್ಕೆ ಹತ್ತನೇ ಒಂದು ಪಾಲಿನಷ್ಟು ನೀರು ಹೀಗೆ ಬದಲಾದರೆ ನೈಟ್ರೇಟೂ ಮಿತಿಯಲ್ಲಿರುತ್ತದೆ.

ಹೊಸ ಸೋಸು ತೊಟ್ಟಿ ಹದಕ್ಕೆ ಬರಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಕೆಲವೇ ಮೀನು ಬಿಟ್ಟು ಆಹಾರ ಕಡಿಮೆ ಹಾಕಿರಿ. ಎರಡನೆಯ ತೊಟ್ಟಿಯ ಬಲೆಯನ್ನು ಕ್ಲೋರಿನ್ ಬೆರೆತ ನಲ್ಲಿ ನೀರಿನಲ್ಲಿ ತೊಳೆದರೆ ಅಣುಜೀವಿಗಳು ಸಾಯುತ್ತವೆ. ಕೊಳದ ನೀರಿನಲ್ಲಿಯೇ ಜಾಲಿಸಿರಿ. ವಿದ್ಯುತ್ ಹಲವು ಗಂಟೆ ಇಲ್ಲದಿದ್ದರೆ ಎರಡನೆಯ ತೊಟ್ಟಿಯ ನಿಂತ ನೀರನ್ನು ಹೊರಬಿಟ್ಟ ನಂತರವೇ ಪಂಪು ಚಾಲೂ ಮಾಡಿರಿ. ಬ್ಯಾಟರಿಯಿಂದ ನಡೆಯುವ ಒಂದು ಗಾಳಿ ಪಂಪು ಮನೆಯಲ್ಲಿದ್ದರೆ ಮೀನು ಉಳಿಯುತ್ತವೆ.

ಸೋಸು ತೊಟ್ಟಿಯನ್ನು ಮುಂದೆ ಹಿಗ್ಗಿಸಬಹುದು. ಕಾಂಕ್ರೀಟಿನಡಿ ಹೂತ ಕೊಳವೆಯನ್ನು ಬದಲಿಸಲಾಗದು. ಆದ್ದರಿಂದ ಗಾರೆ ಕಲಸುವ ಮುನ್ನ ಮಟ್ಟವನ್ನೂ ಕೊಳವೆಯ ಅಳತೆಯನ್ನೂ ಇನ್ನೊಮ್ಮೆ ನೋಡಿಕೊಳ್ಳಿ.